ಸಹಾಯ ಬೇಕು: ಹಿಂಡಿದರೆ ಕ್ಯಾಲ್ಸಿಯಂ ಯಾಕೆ ಅತಿವಾಹಕ ಆಗುತ್ತೆ?

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವನು, ಬಿಎಸ್ಸಿ. ನಾಡಿದ್ದು ಸೆಮಿನಾರ್. ಮಳೆಗೆ ಮೂರು ದಿನದಿಂದ ಕರೆಂಟಿಲ್ಲ, ಅಂಗಡೀಲಿ ಮೊಬೈಲ್ ಚಾರ್ಜಿಗಿಟ್ಟು ಅಲ್ಲೇ ನಿಂತು ಟೈಪ್ ಮಾಡ್ತಿದ್ದೀನಿ.

ಸೀಸ 7.2 ಕೆಲ್ವಿನ್‌ನಲ್ಲಿ ಅತಿವಾಹಕ, ಅಂದ್ರೆ ವಿದ್ಯುತ್ತಿಗೆ ಅದರಲ್ಲಿ ಪ್ರತಿರೋಧವೇ ಇರಲ್ಲ. ಒತ್ತಡ ಏರಿಸಿದ್ರೆ ಆ ತಾಪ ಇಳಿಯುತ್ತೆ. ಪರಮಾಣು ಜಾಲ ಗಡುಸಾಗಿ ಅತಿವಾಹಕತೆಗೆ ಬೇಕಾದ ಎಲೆಕ್ಟ್ರಾನ್ ಜೋಡಿಯ ಅಂಟು ಸಡಿಲವಾಗುತ್ತೆ, ಇಲ್ಲೀತನಕ ಸರಿ. ಕ್ಯಾಲ್ಸಿಯಂ ಮಾತ್ರ ಉಲ್ಟಾ! ಮಾಮೂಲಿ ಒತ್ತಡದಲ್ಲಿ ಅತಿವಾಹಕವೇ ಅಲ್ಲ, ಎರಡು ವಜ್ರದ ತುದಿ ನಡುವೆ 161 ಗಿಗಾಪಾಸ್ಕಲ್‌ಗೆ ಹಿಂಡಿದ್ರೆ 25 ಕೆಲ್ವಿನ್‌ನಲ್ಲೇ ಅತಿವಾಹಕ. ನಮ್ಮ ಮೇಷ್ಟ್ರನ್ನ ಕೇಳಿದೆ, ‘ಸಿಲಬಸ್‌ನಲ್ಲಿಲ್ಲ’ ಅಂದ್ರು. ಹುಡುಕಿದಾಗ ಎಸ್ ಎಲೆಕ್ಟ್ರಾನ್‌ಗಳು ಡಿ ಪಟ್ಟಿಗೆ ಜಾರುತ್ತವೆ ಅಂತ ಸಿಕ್ತು (ಎಸ್, ಡಿ ಅಂದ್ರೆ ಎಲೆಕ್ಟ್ರಾನ್ ಕಕ್ಷಕದ ಬಗೆಗಳು). ಜಾರಲಿ, ಆದ್ರೆ ಅದರಿಂದ ಜೋಡಿ ಕಟ್ಟೋ ಬಲ ಹೆಚ್ಚೋದು ಹೇಗೆ? ಜಾಲ ಗಡುಸಾಗೋ ನಷ್ಟವನ್ನ ಅದು ಹೇಗೆ ಮೀರುತ್ತೆ? ಗಣಿತ ಕಮ್ಮಿ ಇಟ್ಟು ಯಾರಾದ್ರೂ ಬಿಡಿಸಿ ಹೇಳ್ತೀರಾ?