ಟ್ವಿಸ್ಟೆಡ್ ಸರ್ವರ್ ಸಾವಿರ ಕನೆಕ್ಷನ್ ದಾಟುತ್ತಿಲ್ಲ, ಏನು ಮಾಡಲಿ?

ಹಿಂಜವಡಿ ಹುಡುಗ: ಪುಣೆಯಲ್ಲಿ ಬಸ್‌ಗಳ ಜಿಪಿಎಸ್ ಡೇಟಾ ತಗೊಳ್ಳೋ ಸರ್ವರ್ ನೋಡಿಕೊಳ್ಳುತ್ತೇನೆ, ಟ್ವಿಸ್ಟೆಡ್ (ನೆಟ್‌ವರ್ಕ್ ಪ್ರೋಗ್ರಾಂ ಬರೆಯೋ ಪೈಥಾನ್ ಲೈಬ್ರರಿ) ಬಳಸಿ ಬರೆದದ್ದು. ಸುಮಾರು 1,000 ಕನೆಕ್ಷನ್ ಆದ ಕೂಡಲೇ ಲಾಗ್ ತುಂಬಾ ‘ಟೂ ಮೆನಿ ಓಪನ್ ಫೈಲ್ಸ್’. ಎಲ್ಲವನ್ನೂ ಪೈಥಾನ್ ಜೊತೆಗೇ ಬರುವ ಅಸಿಂಕ್‌ಐಒ ಲೈಬ್ರರಿಗೆ ಬದಲಾಯಿಸಿ ಬರೆದುಬಿಡಲಾ?

ಕೋಥ್ರೂಡ್ ಅಕ್ಕ: ಬೇಡ ತಮ್ಮಾ, ಸುಮ್ನೆ ಆರು ತಿಂಗಳು ಹೋಗುತ್ತದೆ. ಪ್ರತಿ ಸಾಕೆಟ್ಟಿಗೂ, ಅಂದರೆ ಪ್ರತಿ ಕನೆಕ್ಷನ್‌ಗೂ, ಒಂದು ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲಿಗೆ ಸಿಸ್ಟಂ ಕೊಡುವ ನಂಬರ್) ಬೇಕು, ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂಗೆ ಅದರ ಮಿತಿ ಸಾಮಾನ್ಯವಾಗಿ 1,024. ಮೊದಲು ಯುಲಿಮಿಟ್ ಕಮಾಂಡ್‌ನಿಂದ ಆ ಮಿತಿ ಏರಿಸು. ಆಮೇಲೆ ಡೇಟಾಬೇಸ್ ಕರೆಗಳನ್ನು ನೋಡು. ರಿಯಾಕ್ಟರ್ (ಎಲ್ಲ ಕನೆಕ್ಷನ್ ನೋಡಿಕೊಳ್ಳೋ ಟ್ವಿಸ್ಟೆಡ್‌ನ ಮುಖ್ಯ ಲೂಪ್) ಓಡೋದು ಒಂದೇ ಥ್ರೆಡ್‌ನಲ್ಲಿ, ಒಮ್ಮೆಗೆ ಒಂದೇ ಕೆಲಸ ಅಲ್ವಾ, ಒಂದು ಕ್ವೆರಿ ಎರಡು ಸೆಕೆಂಡ್ ಹಿಡಿದರೆ ಅಷ್ಟೂ ಬಸ್ಸುಗಳು ಕಾಯುತ್ತವೆ. ಅಂಥವನ್ನು ಬೇರೆ ಥ್ರೆಡ್‌ನಲ್ಲಿ ಓಡಿಸೋ ಡಿಫರ್‌ಟುಥ್ರೆಡ್‌ಗೆ ಹಾಕು.

ಮಾಟುಂಗಾದವನು: ಅಕ್ಕ ಹೇಳಿದ್ದು ಸರಿ. ಟ್ವಿಸ್ಟೆಡ್‌ನಲ್ಲೇ ಅಸಿಂಕ್‌ಐಒ ಮೇಲೆ ಓಡುವ ರಿಯಾಕ್ಟರ್ ಇದೆ, ಬೇಕಾದರೆ ನಿಧಾನಕ್ಕೆ ಬದಲಾಯಿಸಬಹುದು. ಟ್ವಿಸ್ಟೆಡ್‌ನಲ್ಲೇ ಬಗ್ ಸಿಕ್ಕರೆ ಟೆಸ್ಟ್ ಸಮೇತ ಪ್ಯಾಚ್ (ಕೋಡಿನ ತಿದ್ದುಪಡಿ) ಅವರ ಪ್ರಾಜೆಕ್ಟಿಗೆ ಕಳಿಸಿ. ಅಲ್ಲಿ ಇನ್ನೊಬ್ಬರು ರಿವ್ಯೂ ಮಾಡದೆ ಕೋಡ್ ಸೇರುವುದಿಲ್ಲ, ರಿವ್ಯೂ ಮಾಡುವ ಕೈಗಳೂ ಬೇಕು.

ಹಿಂಜವಡಿ ಹುಡುಗ: ಮಿತಿ ಏರಿಸಿದೆ, 1,400 ದಾಟಿತು! ಕ್ವೆರಿ ನಾಳೆ ನೋಡುತ್ತೇನೆ.