ಸಹಾಯ ಬೇಕು: ವಿಮಾನದ ಸಣ್ಣ ಆಕ್ಸಿಜನ್ ಸಿಲಿಂಡರ್ ಪೂರ್ತಿ ತುಂಬುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಕೊಲೊರಾಡೊದಲ್ಲಿ. ಗೆಳೆಯರ ಜೊತೆ ಸೇರಿ ಸೆಸ್ನಾ 182 ಅನ್ನೋ ಒಂದು ಸಣ್ಣ ವಿಮಾನ ಇಟ್ಟುಕೊಂಡಿದ್ದೇನೆ. ಇಲ್ಲಿ 14,000 ಅಡಿ ಮೀರಿದ ಶಿಖರಗಳೇ ಐವತ್ತಕ್ಕೂ ಜಾಸ್ತಿ ಇವೆ. 12,500 ಅಡಿಯ ಮೇಲೆ ಅರ್ಧ ಗಂಟೆ ಮೀರಿದರೆ ಪೈಲಟ್ ಆಕ್ಸಿಜನ್ ತಗೊಳ್ಳಲೇಬೇಕು. 14,000 ದಾಟಿದರೆ ಇದ್ದಷ್ಟು ಹೊತ್ತೂ ಬೇಕು. ನಾನು 10,000ದಲ್ಲೇ ಶುರು ಮಾಡುತ್ತೇನೆ, ತಲೆ ಚುರುಕಾಗಿರುತ್ತದೆ. ಹಾಗಾಗಿ ಸಿಲಿಂಡರ್ ಬೇಗ ಖಾಲಿ.

ನಮ್ಮ ಏರ್‌ಪೋರ್ಟಿನಲ್ಲಿ ವಿಮಾನದೊಳಗೇ ಕೂರಿಸಿದ ಸಿಲಿಂಡರ್ ಮಾತ್ರ ತುಂಬಿಸುತ್ತಾರೆ, ಕೈಯಲ್ಲಿ ತಂದದ್ದನ್ನು ಮುಟ್ಟಲ್ಲ. ಮೆಡಿಕಲ್ ಆಕ್ಸಿಜನ್ ಮಾರುವವರು ಡಾಕ್ಟರ್ ಚೀಟಿ ಕೇಳಿದರು. ಕೊನೆಗೆ ಏವಿಯೇಷನ್ ಆಕ್ಸಿಜನ್ನಿನ ದೊಡ್ಡ ಸಿಲಿಂಡರ್ ಬಾಡಿಗೆಗೆ ತಂದು, ಹೋಸ್ ಹಾಕಿ ನಾನೇ ತುಂಬಿಸುತ್ತಿದ್ದೇನೆ. ಎಣ್ಣೆ, ಗ್ರೀಸ್ ಹತ್ತಿರಕ್ಕೂ ಬಿಡಲ್ಲ. ಬಿಸಿಯಾಗದಂತೆ ವಾಲ್ವ್ ತುಂಬಾ ನಿಧಾನ ತೆರೆಯುತ್ತೇನೆ. ಸಣ್ಣ ಸಿಲಿಂಡರಿನ ಐದು ವರ್ಷದ ಒತ್ತಡ ಪರೀಕ್ಷೆಯೂ ಆಗಿದೆ.

ತೊಡಕು ಇಲ್ಲಿದೆ. ಎರಡರ ಒತ್ತಡ ಸಮ ಆದ ತಕ್ಷಣ ಹರಿವು ನಿಲ್ಲುತ್ತದೆ ಅಲ್ವಾ? ಮೊದಲು 2,000 ಪಿಎಸ್ಐ (ಒತ್ತಡ ಅಳೆಯುವ ಮಾನ) ಹತ್ತಿರ ತುಂಬುತ್ತಿತ್ತು, ಈಗ 1,500ಕ್ಕೇ ನಿಲ್ಲುತ್ತಿದೆ. ತಣ್ಣಗಾದ ಮೇಲೆ ಇನ್ನೂ ಇಳಿಯುತ್ತದೆ. ದೊಡ್ಡದರಲ್ಲಿ ಅರ್ಧಕ್ಕಿಂತ ಜಾಸ್ತಿ ಗ್ಯಾಸ್ ಉಳಿದಿದೆ. ಸುಮ್ನೆ ವಾಪಸ್ ಕೊಡಲು ಮನಸ್ಸಿಲ್ಲ.

ಇನ್ನೊಂದು ದೊಡ್ಡ ಸಿಲಿಂಡರ್ ತಂದು, ಮೊದಲು ಕಡಿಮೆ ಒತ್ತಡದ್ದರಿಂದ, ಆಮೇಲೆ ಫುಲ್ ಇರುವುದರಿಂದ ತುಂಬಿಸಬಹುದು ಅಂತ ಗೊತ್ತು. ಇಬ್ಬರು ಬಳಸುವ ಒಂದೇ ಸಣ್ಣ ಸಿಲಿಂಡರಿಗೆ ಎರಡರ ಬಾಡಿಗೆ ಗಿಟ್ಟುತ್ತದಾ? ಹೀಗೆ ಮಾಡುವವರು ಕಡಿಮೆ ಒತ್ತಡದ ಹಳೆಯ ದೊಡ್ಡ ಸಿಲಿಂಡರನ್ನು ಎಷ್ಟು ಪಿಎಸ್ಐಗೆ ಇಳಿದಾಗ ಬದಲಾಯಿಸುತ್ತೀರಿ?