ಟೆಸ್ಟೋಸ್ಟಿರಾನ್ ಜೆಲ್: ಹಚ್ಚುವುದು ಬಟಾಣಿಯಷ್ಟು, ವರದಿಯಲ್ಲಿ ಮಾತ್ರ 310

ಏಲಕ್ಕಿತೋಟ (ಸೋಮವಾರಪೇಟೆ): ಮುಟ್ಟು ನಿಂತು ನಾಲ್ಕು ವರ್ಷವಾಯಿತು. ಈಸ್ಟ್ರೋಜನ್ ಜೊತೆಗೆ, ವೈದ್ಯರು ಬರೆದುಕೊಟ್ಟಂತೆ, ಮೂರು ತಿಂಗಳಿಂದ ಶೇಕಡಾ 1ರ ಟೆಸ್ಟೋಸ್ಟಿರಾನ್ (ಗಂಡಸರಲ್ಲಿ ಹೆಚ್ಚಿರುವ ಹಾರ್ಮೋನು) ಜೆಲ್ ಹಚ್ಚುತ್ತಿದ್ದೇನೆ; ಗಂಡಸರಿಗೆಂದು ಬರುವ ಒಂದು ಸ್ಯಾಷೆಯನ್ನು ಹತ್ತು ದಿನಕ್ಕೆ ಹಂಚಿ, ದಿನಕ್ಕೆ ಬಟಾಣಿಯಷ್ಟು. ಶುರುವಿಗೆ ಮುಂಚೆ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಡೆಸಿಲೀಟರಿಗೆ 14 ನ್ಯಾನೊಗ್ರಾಂ ಇದ್ದದ್ದು ಆರನೇ ವಾರಕ್ಕೆ 38 ಆಗಿತ್ತು. ಮೊನ್ನೆ 310 ಬಂದಿದೆ, ಅದು ಗಂಡಸರ ಮಟ್ಟ. ದನಿ ಒಡೆದಿಲ್ಲ, ಮೊಡವೆಯೂ ಇಲ್ಲ. ಎರಡು ರಾತ್ರಿಯಿಂದ ನಿದ್ದೆ ಬಂದಿಲ್ಲ. ದಯವಿಟ್ಟು ದಾರಿ ತೋರಿಸಿ.

ಮೆಣಸುಬಳ್ಳಿ: ಅಕ್ಕ, ಅಳತೆ ತಪ್ಪಿದೆ. 5 ಗ್ರಾಂ ಸ್ಯಾಷೆಯಲ್ಲಿ 50 ಮಿಲಿಗ್ರಾಂ ಇರುತ್ತದೆ; ನಾನು ದಿನಕ್ಕೊಂದು ಪೂರ್ತಿ ಹಚ್ಚುವವನು. ಅದನ್ನೇ ಕಣ್ಣಂದಾಜಿನಲ್ಲಿ ಹತ್ತು ದಿನಕ್ಕೆ ಹಂಚಿದರೆ ಒಂದು ದಿನ ಬಟಾಣಿ, ಇನ್ನೊಂದು ದಿನ ನೆಲ್ಲಿಕಾಯಿ ಆಗುತ್ತದೆ.

ಏಲಕ್ಕಿತೋಟ: ಕಣ್ಣಂದಾಜು ಅಲ್ಲ. ಸ್ಯಾಷೆ ಕತ್ತರಿಸಿದ ಕೂಡಲೇ ಸೂಜಿಯಿಲ್ಲದ ಸಿರಿಂಜಿಗೆ ತುಂಬಿ, ಬೆರಳಿನಿಂದ ತಟ್ಟಿ ಗಾಳಿಗುಳ್ಳೆ ಹೊರಹಾಕಿ, ಮುಚ್ಚಳ ಹಾಕಿಡುತ್ತೇನೆ. ದಿನಕ್ಕೆ ಅರ್ಧ ಮಿಲಿಲೀಟರ್ ಮಾತ್ರ.

ಮೆಣಸುಬಳ್ಳಿ: ಸಿರಿಂಜಿನ ಗೆರೆ ಅಳಿಸಿಹೋಗಿರಬಹುದು, ಬೆಳಕಿಗೆ ಹಿಡಿದು ನೋಡಿ.

ಕಾಫಿಹೂ (ವಿರಾಜಪೇಟೆ): ಗಂಡಸರ ಸ್ಯಾಷೆಯನ್ನು ಹಂಚಿಕೊಳ್ಳುವುದೇ ನನಗೆ ಒಪ್ಪಿಗೆಯಿಲ್ಲ. ಆಸ್ಟ್ರೇಲಿಯಾದಲ್ಲಿ ಮಹಿಳೆಯರಿಗೆಂದೇ ಶೇಕಡಾ 1ರ ಕ್ರೀಮ್ ಇದೆ.

ಮೆಣಸುಬಳ್ಳಿ: ಆಸ್ಟ್ರೇಲಿಯಾದ್ದು ಇಲ್ಲಿಯ ಔಷಧಿ ಅಂಗಡಿಯಲ್ಲಿ ಸಿಗುತ್ತದೆಯೇ? ಅಂಥ ಉತ್ಪನ್ನ ಸಿಗದ ಕಡೆ ಗಂಡಸರದ್ದನ್ನೇ ಕಡಿಮೆ ಪ್ರಮಾಣದಲ್ಲಿ, ರಕ್ತ ಪರೀಕ್ಷೆ ಮಾಡಿಸುತ್ತಾ ಬಳಸಬಹುದೆಂದು 2019ರ ಅಂತರರಾಷ್ಟ್ರೀಯ ವೈದ್ಯ ಸಂಘಗಳ ಒಮ್ಮತದ ಹೇಳಿಕೆಯಲ್ಲಿಯೇ ಇದೆ. ತಪ್ಪು ಸಿರಿಂಜಿನದ್ದೇ.

ಲ್ಯಾಬ್‌ಕಿಟಕಿ (ಕುಶಾಲನಗರ): ಮೇಡಂ, ಜೆಲ್ ಎಲ್ಲಿಗೆ ಹಚ್ಚುತ್ತೀರಿ? ರಕ್ತ ತೆಗೆದದ್ದು ಯಾವ ಕೈಯಿಂದ?

ಏಲಕ್ಕಿತೋಟ: ಅದು ಹೇಳಬೇಕಾದ ವಿಷಯವೆಂದು ತೋಚಲಿಲ್ಲ. ಮೊದಲು ತೊಡೆಗೆ ಹಚ್ಚುತ್ತಿದ್ದೆ. ಮಳೆ ಹಿಡಿದ ಮೇಲೆ ಸೀರೆ ಉಡುವಷ್ಟರಲ್ಲಿ ಅದು ಒಣಗುವುದಿಲ್ಲವೆಂದು ಎಡಗೈಯ ಮೊಣಕೈ ಮಡಿಕೆಗೆ ಸವರಿಕೊಳ್ಳುತ್ತಿದ್ದೇನೆ. ಮೊನ್ನೆಯೂ ಹಚ್ಚಿಕೊಂಡೇ ಮಡಿಕೇರಿಗೆ ಹೋದೆ. ರಕ್ತ ತೆಗೆದದ್ದು ಎಡಗೈಯಿಂದಲೇ.

ಲ್ಯಾಬ್‌ಕಿಟಕಿ: ಹಾಗಾದರೆ ಸೂಜಿ ಜೆಲ್ ಸವರಿದ ಜಾಗದಲ್ಲಿಯೇ ಇಳಿದಿದೆ. ಹಚ್ಚಿದ್ದರಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ, ಮಿಕ್ಕಿದ್ದು ಚರ್ಮದಲ್ಲೇ ಉಳಿಯುತ್ತದೆ. ಸ್ಪಿರಿಟ್ ಹತ್ತಿಯಿಂದ ಒಮ್ಮೆ ಒರೆಸಿದರೆ ಪೂರ್ತಿ ಹೋಗುವುದಿಲ್ಲ. ನೀವು ಹಚ್ಚುವುದು ಮಿಲಿಗ್ರಾಂ ಲೆಕ್ಕದಲ್ಲಿ, ನಾವು ಅಳೆಯುವುದು ನ್ಯಾನೊಗ್ರಾಂ ಲೆಕ್ಕದಲ್ಲಿ, ಒಂದು ಮಿಲಿಗ್ರಾಂ ಎಂದರೆ ಹತ್ತು ಲಕ್ಷ ನ್ಯಾನೊಗ್ರಾಂ. ಆದ್ದರಿಂದ ಕಣ್ಣಿಗೆ ಕಾಣದಷ್ಟು ಜೆಲ್ ಸೂಜಿಗೆ ತಗುಲಿದರೂ ಅಂಕಿ ಕೆಡುತ್ತದೆ. ವೈದ್ಯರಿಗೆ ಈ ಸಂಗತಿ ತಿಳಿಸಿ, ಅವರು ಹೇಳಿದ ದಿನ, ಜೆಲ್ ಹಚ್ಚುವ ಮೊದಲೇ, ಬಲಗೈಯಿಂದ ರಕ್ತ ಕೊಡಿ. ಆಗಲೂ ಹೆಚ್ಚೇ ಬಂದರೆ, ಹೆಂಗಸರ ದೇಹದಲ್ಲಿ ಟೆಸ್ಟೋಸ್ಟಿರಾನ್ ತಯಾರಿಸುವ ಅಂಡಾಶಯ, ಅಡ್ರಿನಲ್ ಗ್ರಂಥಿಗಳನ್ನು ಅವರು ಪರೀಕ್ಷಿಸಲೇಬೇಕಾಗುತ್ತದೆ.

ಮೆಣಸುಬಳ್ಳಿ: ಆದರೂ ಹೊಸ ಸಿರಿಂಜ್ ತೆಗೆದುಕೊಳ್ಳಿ ಅಕ್ಕ.

ಏಲಕ್ಕಿತೋಟ: ಇನ್ನೊಂದು ಮಾತು. ಒಂದೂವರೆ ವರ್ಷದ ಮೊಮ್ಮಗ ಮಧ್ಯಾಹ್ನ ಇದೇ ಎಡಗೈ ಮೇಲೆ ತಲೆಯಿಟ್ಟು ಮಲಗುತ್ತಾನೆ.

ಲ್ಯಾಬ್‌ಕಿಟಕಿ: ಅಂಕಿಗಿಂತ ಇದೇ ನನಗೆ ಹೆಚ್ಚು ಚಿಂತೆ. ದೊಡ್ಡವರ ಚರ್ಮದಿಂದ ಜೆಲ್ ತಗುಲಿದ ಮಕ್ಕಳಲ್ಲಿ ಅಕಾಲದಲ್ಲಿ ಗುಹ್ಯರೋಮ ಬಂದು, ಜನನಾಂಗ ಬೆಳೆದದ್ದು ಕಂಡುಬಂದ ಮೇಲೆ 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಜೆಲ್‌ಗಳ ಮೇಲೆ ಚೌಕಟ್ಟಿನೊಳಗಿನ ಎಚ್ಚರಿಕೆ ಮುದ್ರಿಸಲು ಆದೇಶಿಸಿತು. ಹಚ್ಚಿದ ಕೂಡಲೇ ಸೋಪಿನಿಂದ ಕೈ ತೊಳೆಯಿರಿ, ಹಚ್ಚಿದ ಜಾಗ ಬಟ್ಟೆಯಡಿ ಇರಲಿ, ಮಗುವಿನ ವಿಷಯ ಮಕ್ಕಳ ವೈದ್ಯರಿಗೆ ಈ ವಾರವೇ ಹೇಳಿ.

ಏಲಕ್ಕಿತೋಟ: ನಾಳೆ ಬೆಳಿಗ್ಗೆಯೇ ಮಗುವನ್ನು ಕರೆದುಕೊಂಡು ಹೋಗುತ್ತೇವೆ. ಜೆಲ್ ಮತ್ತೆ ತೊಡೆಗೇ; ಅದರಲ್ಲಿ ಬೆಂಕಿ ಹಿಡಿಯುವ ಆಲ್ಕೋಹಾಲ್ ಇರುವುದರಿಂದ ಒಣಗುವ ತನಕ ಒಲೆಯ ಬಳಿ ಹೋಗದೆ ಕಾಯುತ್ತೇನೆ.